ಸೂಪರ್‌ಹೀರೋ ಧಾರಾವಾಹಿಗೆ ಸಿಕ್ಕ ಸ್ವಾಗತವನ್ನು ಬರೆಯುವ ಬಗೆ

ಅತಿಮಾನುಷ ಶಕ್ತಿಯ ನಾಯಕರನ್ನೂ ವಿಜ್ಞಾನದ ಕಲ್ಪನೆಯನ್ನೂ ಬೆರೆಸಿದ ಟಿವಿ ಸರಣಿಯೊಂದನ್ನು ವಿಮರ್ಶಕರು ಮತ್ತು ಪ್ರೇಕ್ಷಕರು ಹೇಗೆ ಬರಮಾಡಿಕೊಂಡರು ಎಂಬುದು ಮಾನಸಗಂಗೋತ್ರಿಯಲ್ಲಿ ಪತ್ರಿಕೋದ್ಯಮ ಓದುವವರಿಗೂ ಮಂಡ್ಯದ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೂ ಕಿರುಪ್ರಬಂಧಕ್ಕೆ ಚೆನ್ನಾಗಿ ಒಪ್ಪುವ ವಿಷಯ. ಆದರೆ ‘ವಿಮರ್ಶಕರು ಮೆಚ್ಚಿದರು, ಪ್ರೇಕ್ಷಕರಿಂದ ಮಿಶ್ರ ಪ್ರತಿಕ್ರಿಯೆ ಬಂತು’ ಎಂದು ಬರೆದು, ಪಕ್ಕದಲ್ಲಿ ಎರಡು ಅಂಕಿಗಳನ್ನು ಇಟ್ಟು ಅಧ್ಯಾಯ ಮುಗಿಸುವ ರೂಢಿ ಇಂಥ ಬರಹಗಳಲ್ಲಿ ಬಲವಾಗಿದೆ. ಯಾವ ವಿಮರ್ಶಕರು, ಎಷ್ಟು ಕಂತುಗಳನ್ನು ನೋಡಿ, ಯಾವ ತಿಂಗಳಲ್ಲಿ ಮೆಚ್ಚಿದರು ಎಂಬುದು ಆ ವಾಕ್ಯದಲ್ಲಿ ಇರುವುದಿಲ್ಲ. ಪ್ರೇಕ್ಷಕರೆಂದರೆ ಅಮೆರಿಕದ ಮನೆಯವರೋ, ಮೈಸೂರಿನ ಸರಸ್ವತಿಪುರಂನ ಬಾಡಿಗೆ ಕೋಣೆಯ ಹುಡುಗರೋ ಎಂಬುದೂ ತಿಳಿಯುವುದಿಲ್ಲ. ಅಂಕಿಯೊಂದನ್ನು ಬರೆದುಕೊಳ್ಳುವ ಮೊದಲು ಅದು ಯಾರಿಗೆ ಕೇಳಿದ ಯಾವ ಪ್ರಶ್ನೆಯ ಉತ್ತರ ಎಂದು ತಿಳಿದುಕೊಳ್ಳುವುದು ಈ ಕೆಲಸದ ಮುಕ್ಕಾಲು ಪಾಲು. ಅದನ್ನು ಮಾಡುವ ಬಗೆಯನ್ನು ಇಲ್ಲಿ ಉದಾಹರಣೆಗಳೊಂದಿಗೆ ವಿವರಿಸುತ್ತೇನೆ.

ಸರಣಿಯ ಆಯ್ಕೆ

ಇನ್ನೂ ನಡೆಯುತ್ತಿರುವ ಸರಣಿಗಿಂತ ಮುಗಿದಿರುವ ಸರಣಿಯನ್ನು ಆರಿಸಿಕೊಳ್ಳುವುದು ಲೇಸು. ಒಂದೇ ಸೀಸನ್‌ಗೆ ಮುಗಿದದ್ದಕ್ಕಿಂತ, ಏರಿ ಇಳಿದದ್ದು ಇನ್ನೂ ಲೇಸು, ಏಕೆಂದರೆ ಬದಲಾದ ಅಭಿಪ್ರಾಯದಲ್ಲಿ ಕಾರಣಗಳು ಕಣ್ಣಿಗೆ ಬೀಳುತ್ತವೆ. ಈ ದೃಷ್ಟಿಯಿಂದ ಅಭ್ಯಾಸಕ್ಕೆ ಅಮೆರಿಕದ ಎನ್‌ಬಿಸಿ ವಾಹಿನಿಯ ‘ಹೀರೋಸ್’ ಸರಣಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಟಿಮ್ ಕ್ರಿಂಗ್ ರೂಪಿಸಿದ ಈ ಸರಣಿ 2006ರ ಸೆಪ್ಟೆಂಬರ್ 25ರಂದು ಆರಂಭವಾಯಿತು. ಜಗತ್ತಿನ ಬೇರೆ ಬೇರೆ ಮೂಲೆಗಳಲ್ಲಿರುವ ಸಾಮಾನ್ಯ ಜನರಲ್ಲಿ ವಿಚಿತ್ರ ಶಕ್ತಿಗಳು ಕಾಣಿಸಿಕೊಳ್ಳುವುದು ಅದರ ವಸ್ತು. ಅದರ ಪ್ರಮುಖ ಪಾತ್ರಗಳಲ್ಲೊಂದು ಚೆನ್ನೈ ಮೂಲದ ತಳಿವಿಜ್ಞಾನಿ ಮೋಹಿಂದರ್ ಸುರೇಶನಾದುದರಿಂದ ನಮ್ಮ ಕಡೆಯ ನೋಡುಗರನ್ನು ಮಾತಿಗೆಳೆಯುವುದೂ ಸುಲಭ.

ಮೊದಲ ಸೀಸನ್‌ನ 23 ಕಂತುಗಳು ಭಾರಿ ಜನಪ್ರಿಯವಾದವು, ಮತ್ತು ಸರಣಿಯು 2007ರಲ್ಲಿ ಅತ್ಯುತ್ತಮ ನಾಟಕ ಸರಣಿ ವಿಭಾಗದಲ್ಲಿ ಎಮ್ಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. ಎರಡನೆಯ ಸೀಸನ್ ಆರಂಭವಾಗಿ ಎರಡು ತಿಂಗಳು ಕಳೆಯುವಷ್ಟರಲ್ಲಿ ಅಸಮಾಧಾನ ಎಷ್ಟು ಬೆಳೆದಿತ್ತೆಂದರೆ, 2007ರ ನವೆಂಬರ್‌ನಲ್ಲಿ ‘ಎಂಟರ್‌ಟೈನ್‌ಮೆಂಟ್ ವೀಕ್ಲಿ’ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಕ್ರಿಂಗ್ ಸ್ವತಃ ತಪ್ಪುಗಳನ್ನು ಒಪ್ಪಿಕೊಂಡರು: ಕಥೆಯ ನಡೆ ನಿಧಾನವಾಯಿತು, ಕಾಲಯಾನ ಮಾಡಬಲ್ಲ ಹಿರೋ ಎಂಬ ಹೆಸರಿನ ಪಾತ್ರ ಹಳೆಯ ಜಪಾನಿನಲ್ಲಿ ಬಹಳ ಕಾಲ ಉಳಿದುಬಿಟ್ಟಿತು, ಪ್ರೇಮಪ್ರಸಂಗಗಳು ಸರಣಿಗೆ ಹೊಂದಲಿಲ್ಲ. ಅದೇ ನವೆಂಬರ್ 5ರಂದು ಅಮೆರಿಕದ ಚಿತ್ರಕಥೆಗಾರರ ಮುಷ್ಕರ ಶುರುವಾಗಿ ಸೀಸನ್ 11 ಕಂತುಗಳಿಗೇ ನಿಂತಿತು. 2010ರಲ್ಲಿ ಸರಣಿ ರದ್ದಾಯಿತು. 2015ರಲ್ಲಿ ‘ಹೀರೋಸ್ ರಿಬಾರ್ನ್’ ಎಂಬ ಹೆಸರಿನಲ್ಲಿ 13 ಕಂತುಗಳಾಗಿ ಮರಳಿತು, ಆದರೆ ಮುಂದುವರಿಯಲಿಲ್ಲ.

ಕುಸಿತಕ್ಕೆ ಇಲ್ಲಿ ಎರಡು ಕಾರಣಗಳು ಒಂದರ ಮೇಲೊಂದು ಬಂದಿರುವುದನ್ನು ಗಮನಿಸಬೇಕು. ಎಲ್ಲವನ್ನೂ ಮುಷ್ಕರವೇ ಹಾಳುಮಾಡಿತು ಎಂದು ಬರೆಯುವವರು ಮುಷ್ಕರಕ್ಕೆ ಮೊದಲೇ ಪ್ರಸಾರವಾಗಿದ್ದ ಕಂತುಗಳ ಬಗೆಗಿನ ದೂರುಗಳನ್ನು ಮರೆಯುತ್ತಾರೆ. ಆದ್ದರಿಂದ ಒಂದು ಹಾಳೆಯಲ್ಲಿ ಪ್ರಸಾರದ ದಿನಾಂಕಗಳನ್ನೂ ಪಕ್ಕದಲ್ಲಿ ವಿಮರ್ಶೆ, ಸಂದರ್ಶನ, ಹೊರಗಿನ ಘಟನೆಗಳ ದಿನಾಂಕಗಳನ್ನೂ ಬರೆದುಕೊಂಡು ನಂತರವೇ ಕಾರಣಗಳ ಮಾತಿಗೆ ಹೋಗುವುದು ಸರಿಯಾದ ಕ್ರಮ.

ವಿಮರ್ಶಕರ ಅಂಕಿಗಳು

ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣವಾದ ರಾಟನ್ ಟೊಮೇಟೋಸ್ ತೋರಿಸುವ ಶೇಕಡಾವಾರು ಅಂಕಿಯನ್ನು ಪರೀಕ್ಷೆಯ ಅಂಕದಂತೆ ಓದುವುದು ಅತ್ಯಂತ ಸಾಮಾನ್ಯವಾದ ತಪ್ಪು. ವಿಮರ್ಶಕರಲ್ಲಿ ನೂರಕ್ಕೆ ಎಷ್ಟು ಜನ ಒಟ್ಟಾರೆ ಒಲವು ತೋರಿದರು ಎಂಬುದನ್ನಷ್ಟೇ ಅದು ಹೇಳುತ್ತದೆ. ಒಲವು ಎಷ್ಟು ಗಾಢವಾಗಿತ್ತು ಎಂಬುದನ್ನು ಹೇಳುವುದಿಲ್ಲ. ಹತ್ತು ವಿಮರ್ಶಕರಿದ್ದು ಹತ್ತೂ ಜನ ‘ಪರವಾಗಿಲ್ಲ, ನೋಡಬಹುದು’ ಎಂದು ಹತ್ತಕ್ಕೆ ಆರು ಕೊಟ್ಟರೆ ಆ ಸರಣಿಗೆ ಶೇ 100 ಬರುತ್ತದೆ. ಇನ್ನೊಂದು ಸರಣಿಗೆ ಏಳು ಜನ ಒಂಬತ್ತು ಕೊಟ್ಟು ಮೂವರು ನಾಲ್ಕು ಕೊಟ್ಟರೆ ಅದು ಶೇ 70ಕ್ಕೆ ಇಳಿಯುತ್ತದೆ, ಅದರ ಸರಾಸರಿ ಏಳೂವರೆಯಾದರೂ. ಸೂಪರ್‌ಹೀರೋ ಸರಣಿಗಳಲ್ಲಿ ಈ ವ್ಯತ್ಯಾಸಕ್ಕೆ ವಿಶೇಷ ಮಹತ್ವವಿದೆ: ಯಾರನ್ನೂ ಕೆಣಕದ, ಅಚ್ಚುಕಟ್ಟಾದ ಸರಣಿಗಳು ಮೊದಲ ಗುಂಪಿಗೂ, ಹೊಸತನಕ್ಕೆ ಕೈಹಾಕಿದ ಸರಣಿಗಳು ಎರಡನೆಯ ಗುಂಪಿಗೂ ಸೇರುವ ಸಂಭವ ಹೆಚ್ಚು. ಅಂಥದೇ ಇನ್ನೊಂದು ತಾಣವಾದ ಮೆಟಾಕ್ರಿಟಿಕ್ ಬೇರೆ ರೀತಿಯದು. ಅಲ್ಲಿ ವಿಮರ್ಶೆಗಳನ್ನು ಅಂಕಗಳಾಗಿ ಪರಿವರ್ತಿಸಿ, ಕೆಲವು ಪತ್ರಿಕೆಗಳಿಗೆ ಹೆಚ್ಚು ತೂಕ ಕೊಟ್ಟು ಸರಾಸರಿ ತೆಗೆಯಲಾಗುತ್ತದೆ. ಎರಡನ್ನೂ ಬರೆಯಿರಿ, ಯಾವುದು ಏನು ಎಂದು ಒಂದೊಂದು ವಾಕ್ಯದಲ್ಲಿ ವಿವರಿಸಿರಿ, ಎರಡನ್ನೂ ಕೂಡಿಸಿ ಭಾಗಿಸುವ ಸಾಹಸಕ್ಕೆ ಮಾತ್ರ ಹೋಗಬೇಡಿ.

ಟಿವಿ ಸರಣಿಗೇ ವಿಶಿಷ್ಟವಾದ ಇನ್ನೊಂದು ತೊಡಕಿದೆ. ಸಿನಿಮಾ ವಿಮರ್ಶಕರು ಪೂರ್ಣ ಚಿತ್ರ ನೋಡಿ ಬರೆಯುತ್ತಾರೆ. ಸರಣಿಯ ವಿಮರ್ಶಕರ ಕೈಗೆ ಬಹುಪಾಲು ಮೊದಲ ಕೆಲವು ಕಂತುಗಳಷ್ಟೇ ಸಿಗುತ್ತವೆ. 2021ರ ಜನವರಿಯಲ್ಲಿ ಬಂದ ‘ವಾಂಡಾವಿಷನ್’ ಒಂಬತ್ತು ಕಂತುಗಳದ್ದು, ಆದರೆ ಬಿಡುಗಡೆಗೆ ಮೊದಲು ಪ್ರಕಟವಾದ ವಿಮರ್ಶೆಗಳು ಮೊದಲ ಮೂರು ಕಂತುಗಳನ್ನು ಆಧರಿಸಿದ್ದವು. ಆ ಮೂರು ಕಂತುಗಳು ಹಳೆಯ ಅಮೆರಿಕನ್ ಹಾಸ್ಯ ಧಾರಾವಾಹಿಗಳ ಅನುಕರಣೆಯಾಗಿದ್ದು, ವೈಜ್ಞಾನಿಕ ಕಥೆಯ ಗಂಟು ಬಿಚ್ಚಿಕೊಳ್ಳುವುದು ನಾಲ್ಕನೆಯ ಕಂತಿನಿಂದ. ಹೀಗಾಗಿ ಸೀಸನ್‌ನ ಹೆಸರಿನಲ್ಲಿ ಕಾಣುವ ಅಂಕಿಯು ಬಹಳಷ್ಟು ಸಲ ಆರಂಭದ ಅಂಕಿಯೇ ಆಗಿರುತ್ತದೆ. ಕೊನೆಯ ಕಂತು ಹುಟ್ಟಿಸಿದ ನಿರಾಸೆ ಅದರಲ್ಲಿ ದಾಖಲಾಗುವುದಿಲ್ಲ. ‘ಹೀರೋಸ್’ ಮೊದಲ ಸೀಸನ್‌ನ ಅಂತ್ಯ ಸಪ್ಪೆಯಾಯಿತೆಂದು ಅನೇಕ ಅಭಿಮಾನಿಗಳು ಗೊಣಗಿದ್ದು ಹುಡುಕಿದವರಿಗಷ್ಟೇ ಸಿಗುತ್ತದೆ. ಇದಕ್ಕೆ ಪರಿಹಾರವೆಂದರೆ ವಿಮರ್ಶೆಗಳನ್ನು ಮೂರು ಕಂತೆಗಳಾಗಿ ವಿಂಗಡಿಸುವುದು: ಪ್ರಸಾರಕ್ಕೆ ಮೊದಲಿನವು, ಕಂತುಕಂತಿಗೆ ಬರೆದವು, ಸೀಸನ್ ಮುಗಿದ ಮೇಲಿನವು. ಮೂರನೆಯ ಕಂತೆ ಸಾಮಾನ್ಯವಾಗಿ ಚಿಕ್ಕದು, ಆದರೆ ನಿಮ್ಮ ಅಧ್ಯಾಯದ ತಿರುಳು ಅಲ್ಲಿಯೇ ಇರುತ್ತದೆ.

ವಿಮರ್ಶೆಯನ್ನು ಓದುವಾಗ ಮೆಚ್ಚುಗೆಯೋ ತೆಗಳಿಕೆಯೋ ಎಂಬುದಕ್ಕಿಂತ, ವಿಮರ್ಶಕರು ಯಾವ ಅಳತೆಗೋಲು ಹಿಡಿದರು ಎಂಬುದನ್ನು ಬರೆದುಕೊಳ್ಳಿ. ಒಬ್ಬರು ಮೂಲ ಕಾಮಿಕ್ಸಿಗೆ ನಿಷ್ಠವಾಗಿದೆಯೇ ಎಂದು ನೋಡಿದರೆ, ಇನ್ನೊಬ್ಬರು ಪಾತ್ರಗಳ ಬೆಳವಣಿಗೆಯನ್ನೂ, ಮತ್ತೊಬ್ಬರು ಕಥೆ ಹೇಳುವ ಸಾಮಾಜಿಕ ಸತ್ಯವನ್ನೂ ನೋಡುತ್ತಾರೆ. 2019ರ ‘ವಾಚ್‌ಮೆನ್’ ಸರಣಿಯು 1921ರಲ್ಲಿ ಟಲ್ಸಾ ನಗರದಲ್ಲಿ ನಡೆದ ಕಪ್ಪು ಜನರ ಹತ್ಯಾಕಾಂಡದಿಂದ ಆರಂಭವಾಗುತ್ತದೆ; ಅದನ್ನು ಹೊಗಳಿದವರು ಬಹುತೇಕ ಮೂರನೆಯ ಅಳತೆಗೋಲನ್ನು ಹಿಡಿದವರು. ಆ ಸರಣಿಗೆ 2020ರಲ್ಲಿ 11 ಎಮ್ಮಿ ಪ್ರಶಸ್ತಿಗಳು ಬಂದವು. ಅದನ್ನು ಜರೆದ ಪ್ರೇಕ್ಷಕರಲ್ಲಿ ಹಲವರ ದೂರು ಸರಣಿ ರಾಜಕೀಯ ಮಾತನಾಡುತ್ತದೆ, ಮೂಲ ಕಾಮಿಕ್ಸಿನ ದಾರಿ ಬಿಟ್ಟಿದೆ ಎಂಬುದಾಗಿತ್ತು. ಇಬ್ಬರ ಕೈಯಲ್ಲೂ ಇದ್ದ ಕೋಲು ಬೇರೆ ಬೇರೆಯಾದುದರಿಂದ ಅವರ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಯಾರು ಸರಿ ಎಂದು ಕೇಳುವುದರಲ್ಲಿ ಹುರುಳಿಲ್ಲ.

ನೋಡಿದವರ ಲೆಕ್ಕ

ಎಷ್ಟು ಜನ ನೋಡಿದರು ಎಂಬುದು ಎಷ್ಟು ಜನ ಮೆಚ್ಚಿದರು ಎಂಬುದಕ್ಕೆ ಪರ್ಯಾಯವಾಗಲಾರದು. ‘ಹೀರೋಸ್’ ಮೊದಲ ಕಂತನ್ನು ಅಮೆರಿಕದಲ್ಲಿ ಸುಮಾರು 1 ಕೋಟಿ 40 ಲಕ್ಷ ಜನ ನೋಡಿದ್ದರು; 2010ರ ಫೆಬ್ರುವರಿಯ ಕೊನೆಯ ಕಂತಿಗೆ ಆ ಸಂಖ್ಯೆ ಸುಮಾರು 44 ಲಕ್ಷಕ್ಕೆ ಇಳಿದಿತ್ತು. ಈ ಇಳಿತವನ್ನೆಲ್ಲ ಕಥೆಯ ತಲೆಗೆ ಕಟ್ಟುವ ಮೊದಲು, ಅದೇ ವರ್ಷಗಳಲ್ಲಿ ಜನ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿಕೊಂಡು ಬಿಡುವಾದಾಗ ನೋಡತೊಡಗಿದ್ದರು, ಇಂಟರ್‌ನೆಟ್‌ನಲ್ಲೂ ನೋಡುತ್ತಿದ್ದರು ಎಂಬುದನ್ನು ಸೇರಿಸಬೇಕು. ಕಳ್ಳಪ್ರತಿಯಾಗಿ ಅತಿ ಹೆಚ್ಚು ಇಳಿಸಿಕೊಂಡ ಸರಣಿಗಳ 2009ರ ಪಟ್ಟಿಯಲ್ಲಿ ‘ಹೀರೋಸ್’ ಮುಂಚೂಣಿಯಲ್ಲಿತ್ತು. ಟಿವಿಯ ಮುಂದಿನಿಂದ ಎದ್ದುಹೋದವರೆಲ್ಲ ಸರಣಿಯನ್ನೇ ಬಿಟ್ಟವರಲ್ಲ.

ನಮ್ಮ ಲೆಕ್ಕ ಇನ್ನೂ ಜಟಿಲ. ಟಿವಿ ವೀಕ್ಷಣೆಯನ್ನು ಅಳೆಯುವ ಬಾರ್ಕ್ ಸಂಸ್ಥೆಯು 2015ರಿಂದ ಕೊಡುತ್ತಿರುವ ರೇಟಿಂಗ್, ಆಯ್ದ ಮನೆಗಳಲ್ಲಿ ಮೀಟರ್ ಇಟ್ಟು ಪಡೆದ ಅಂದಾಜು. ಗ್ರಾಮೀಣ ಮನೆಗಳ ಲೆಕ್ಕ ಅದರಲ್ಲಿ ಸೇರಿದ್ದು ಆ ವರ್ಷದ ಅಕ್ಟೋಬರ್‌ನಿಂದ. ಅದಕ್ಕೆ ಮೊದಲಿನ ಟ್ಯಾಮ್ ಎಂಬ ಸಂಸ್ಥೆಯ ರೇಟಿಂಗ್ ಪಟ್ಟಣಗಳಿಗೆ ಸೀಮಿತವಾಗಿತ್ತು. ಅಂದರೆ ಮಳವಳ್ಳಿ, ನಾಗಮಂಗಲ, ಪಾಂಡವಪುರದ ಕಡೆಯ ಹಳ್ಳಿಗಳಲ್ಲಿ ಯಾರು ಏನು ನೋಡುತ್ತಿದ್ದರು ಎಂಬುದಕ್ಕೆ ಆ ಕಾಲದ ಟಿಆರ್‌ಪಿಯಲ್ಲಿ ಉತ್ತರವಿಲ್ಲ. ಒಟಿಟಿ ಬಂದ ಮೇಲೆ ಲೆಕ್ಕ ಕಂಪನಿಗಳ ಕೈಗೇ ಹೋಯಿತು. ನೆಟ್‌ಫ್ಲಿಕ್ಸ್ 2021ರ ನವೆಂಬರ್‌ನಿಂದ ವಾರದ ಮೊದಲ ಹತ್ತರ ಪಟ್ಟಿ ಪ್ರಕಟಿಸುತ್ತಿದೆ. 2023ರ ಜೂನ್‌ನಿಂದ, ನೋಡಿದ ಒಟ್ಟು ಗಂಟೆಗಳನ್ನು ಸರಣಿಯ ಅವಧಿಯಿಂದ ಭಾಗಿಸಿ ‘ವೀಕ್ಷಣೆ’ ಎಂದು ಕರೆಯುತ್ತಿದೆ. ಇದು ಜನರ ತಲೆಯೆಣಿಕೆಯಲ್ಲ: ಇಬ್ಬರು ಅರ್ಧರ್ಧ ನೋಡಿ ಬಿಟ್ಟರೂ ಒಂದು ವೀಕ್ಷಣೆಯೇ ಆಗುತ್ತದೆ.

ಪ್ರೇಕ್ಷಕರ ಕೋಪದ ಕಾರಣ

ನೋಡುಗರು ಅಂಕ ಕೊಡುವ ಜಾಲತಾಣವಾದ ಐಎಂಡಿಬಿಯಲ್ಲಿ ಒಂದು ಸರಣಿಗೆ ಹತ್ತಕ್ಕೆ ಆರು ಬಂದಿದ್ದರೆ, ಆರು ಎಂಬುದಕ್ಕಿಂತ ಮತಗಳ ಹಂಚಿಕೆ ಮುಖ್ಯ. ಐದು, ಆರು, ಏಳರಲ್ಲಿ ಮತಗಳು ಗುಂಪಾಗಿದ್ದರೆ ಸರಣಿ ಸಾಧಾರಣ ಎನಿಸಿತು ಎಂದರ್ಥ. ಒಂದರಲ್ಲೂ ಹತ್ತರಲ್ಲೂ ಎರಡು ಗೋಪುರಗಳೆದ್ದಿದ್ದರೆ ಅಲ್ಲಿ ನಡೆದದ್ದು ಜಗಳ. 2022ರ ‘ಮಿಸ್ ಮಾರ್ವೆಲ್’ ಇದಕ್ಕೆ ಸ್ಪಷ್ಟ ಉದಾಹರಣೆ. ಪಾಕಿಸ್ತಾನಿ ಮೂಲದ ಮುಸ್ಲಿಂ ಹುಡುಗಿಯೊಬ್ಬಳು ನಾಯಕಿಯಾಗಿರುವ ಈ ಆರು ಕಂತುಗಳ ಸರಣಿಗೆ ವಿಮರ್ಶಕರಲ್ಲಿ ನೂರಕ್ಕೆ ಸುಮಾರು 98 ಜನ ಒಲವು ತೋರಿದ್ದರೆ, ಐಎಂಡಿಬಿಯಲ್ಲಿ ಮೊದಲ ದಿನಗಳಿಂದಲೇ ಒಂದರ ಮತಗಳು ರಾಶಿ ಬಿದ್ದವು. ಇಂಥ ಸಾಮೂಹಿಕ ದಾಳಿಯನ್ನು ರಿವ್ಯೂ ಬಾಂಬಿಂಗ್ ಎನ್ನುತ್ತಾರೆ. ಸಿನಿಮಾಗಳ ವಿಷಯದಲ್ಲಿ ರಾಟನ್ ಟೊಮೇಟೋಸ್ 2019ರಿಂದ ಟಿಕೆಟ್ ಕೊಂಡವರ ಅಭಿಪ್ರಾಯವನ್ನು ಬೇರೆಯಾಗಿ ಗುರುತಿಸಲು ಆರಂಭಿಸಿತು. ಟಿವಿ ಸರಣಿಗೆ ಟಿಕೆಟ್ಟೇ ಇಲ್ಲವಾದ್ದರಿಂದ ಆ ಜರಡಿ ಇಲ್ಲಿಗೆ ಒದಗುವುದಿಲ್ಲ.

ಆದರೆ ಕಡಿಮೆ ಅಂಕ ಕೊಟ್ಟವರನ್ನೆಲ್ಲ ದ್ವೇಷಿಗಳೆಂದು ತಳ್ಳಿಹಾಕುವುದು ಅಷ್ಟೇ ಸೋಮಾರಿತನದ ಕೆಲಸ. ಅಮೆಜಾನ್ ಪ್ರೈಮ್‌ನ ‘ದಿ ಬಾಯ್ಸ್’ ಸರಣಿಯ ಮೊದಲ ಸೀಸನ್‌ನ ಎಂಟೂ ಕಂತುಗಳು 2019ರ ಜುಲೈನಲ್ಲಿ ಒಟ್ಟಿಗೇ ಬಂದಿದ್ದವು. 2020ರ ಸೆಪ್ಟೆಂಬರ್ 4ರಂದು ಎರಡನೆಯ ಸೀಸನ್‌ನ ಮೂರು ಕಂತುಗಳನ್ನು ಮಾತ್ರ ಬಿಟ್ಟು, ಉಳಿದವನ್ನು ವಾರಕ್ಕೊಂದರಂತೆ ಕೊಡಲಾಯಿತು. ಅಮೆಜಾನ್ ತಾಣದಲ್ಲಿ ಒಂದೇ ನಕ್ಷತ್ರದ ಅಭಿಪ್ರಾಯಗಳು ಸುರಿದವು. ಓದಿದರೆ ಅವುಗಳಲ್ಲಿ ಬಹುಪಾಲು ಕಥೆಯನ್ನು ದೂರುವುದೇ ಇಲ್ಲ, ವಾರಗಟ್ಟಲೆ ಕಾಯಿಸುವುದನ್ನು ದೂರುತ್ತವೆ. ಅದು ತಾವು ಬೇಕೆಂದೇ ಮಾಡಿದ ಸೃಜನಾತ್ಮಕ ಆಯ್ಕೆ ಎಂದು ನಿರ್ಮಾಪಕ ಎರಿಕ್ ಕ್ರಿಪ್ಕೆ ಉತ್ತರಿಸಬೇಕಾಯಿತು. ಅಂಕಿಯನ್ನು ಮಾತ್ರ ಬರೆದುಕೊಂಡ ವಿದ್ಯಾರ್ಥಿ ಎರಡನೆಯ ಸೀಸನ್ ಕಳಪೆಯಾಗಿತ್ತು ಎಂದು ಬರೆದುಬಿಡುತ್ತಾನೆ.

ಹಾಗಾಗದಿರಲು ನೂರು ಅಭಿಪ್ರಾಯಗಳನ್ನಾದರೂ ಓದಿ ವಿಂಗಡಿಸಬೇಕು. ‘ಉಪಯುಕ್ತ’ ಎಂದು ತಾಣವು ಮೇಲಕ್ಕೆತ್ತಿ ತೋರಿಸುವ ಅಭಿಪ್ರಾಯಗಳನ್ನೇ ತೆಗೆದುಕೊಳ್ಳದೆ, ದಿನಾಂಕದ ಕ್ರಮದಲ್ಲಿ ಇಟ್ಟು ಐದಕ್ಕೊಂದರಂತೆ ಆರಿಸಿರಿ. ಪ್ರತಿಯೊಂದರ ಮುಂದೆ ದೂರು ಅಥವಾ ಮೆಚ್ಚುಗೆ ಯಾವುದರ ಬಗ್ಗೆ ಎಂದು ಗುರುತಿಸಿರಿ: ಕಥೆ ಮತ್ತು ಅಭಿನಯ, ಮೂಲ ಕಾಮಿಕ್ಸಿನೊಂದಿಗೆ ಹೋಲಿಕೆ, ನಟನಟಿಯರ ಜನಾಂಗ ಅಥವಾ ಲಿಂಗ, ಬಿಡುಗಡೆಯ ರೀತಿ, ಡಬ್ಬಿಂಗ್ ಮತ್ತು ಸಬ್‌ಟೈಟಲ್, ಚಂದಾ ಹಣ. ಒಂದು ಕಂತೂ ನೋಡದೆ ಬರೆದದ್ದು ಎಂದು ಬರಹದಿಂದಲೇ ಖಚಿತವಾದರೆ ಅದನ್ನೂ ಗುರುತಿಸಿ, ಎಸೆಯದೆ ಪ್ರತ್ಯೇಕವಾಗಿ ಎಣಿಸಿರಿ. ನೋಡದವರ ಕೋಪವೂ ಸರಣಿಗೆ ಸಿಕ್ಕ ಸ್ವಾಗತದ ಭಾಗವೇ.

ನಮ್ಮೂರಿನ ನೋಡುಗರು

ಇಲ್ಲಿಯವರೆಗೆ ಹೇಳಿದ್ದನ್ನು ಯಾವ ಊರಿನಲ್ಲಿ ಕುಳಿತಾದರೂ ಮಾಡಬಹುದು. ಮೈಸೂರು, ಮಂಡ್ಯದ ವಿದ್ಯಾರ್ಥಿ ಮಾತ್ರ ಮಾಡಬಹುದಾದ ಕೆಲಸವೆಂದರೆ ಇಲ್ಲಿನ ಮನೆಗಳಲ್ಲಿ ಇಂಥ ಸರಣಿ ಹೇಗೆ ಬಂದು ಕೂತಿತು ಎಂಬುದನ್ನು ಕೇಳಿ ಬರೆಯುವುದು. ಅದಕ್ಕೆ ‘ಶಕ್ತಿಮಾನ್’ ಅತ್ಯುತ್ತಮ ವಸ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಸ ಮಾರ್ವೆಲ್ ಸರಣಿಗಳ ಬಗ್ಗೆ ಇನ್ನೊಂದು ಪ್ರಬಂಧ ಬರುವುದಕ್ಕಿಂತ ಇದು ಬರುವುದು ಹೆಚ್ಚು ಅಗತ್ಯ.

ಮುಕೇಶ್ ಖನ್ನಾ ನಟಿಸಿದ ಈ ಧಾರಾವಾಹಿ 1997ರ ಸೆಪ್ಟೆಂಬರ್‌ನಿಂದ 2005ರವರೆಗೆ ದೂರದರ್ಶನದಲ್ಲಿ ಪ್ರಸಾರವಾಯಿತು, ಮತ್ತು ಭಾನುವಾರ ಮಧ್ಯಾಹ್ನದ ಕಾರ್ಯಕ್ರಮವಾಗಿ ಜನರ ನೆನಪಿನಲ್ಲಿ ಉಳಿಯಿತು. ನಾಯಕನ ಶಕ್ತಿ ಯೋಗಸಾಧನೆಯಿಂದ ಬಂದದ್ದು, ಎದುರಾಳಿಗಳಲ್ಲಿ ಡಾಕ್ಟರ್ ಜಾಕಾಲ್‌ನಂಥ ವಿಜ್ಞಾನಿಗಳಿದ್ದರು. ಹೀಗೆ ಕುಂಡಲಿನಿಯೂ ಪ್ರಯೋಗಾಲಯವೂ ಒಂದೇ ಕಥೆಯೊಳಗೆ ಸೇರಿದ್ದವು. ಮಕ್ಕಳ ಕಾರ್ಯಕ್ರಮಗಳನ್ನು ಸಿನಿಮಾದಂತೆ ವಿಮರ್ಶಿಸುವ ಪದ್ಧತಿ ಆಗ ಪತ್ರಿಕೆಗಳಲ್ಲಿ ವಿರಳವಾಗಿತ್ತು. ಹೀಗಾಗಿ ವಿಮರ್ಶೆಯನ್ನು ವಿಮರ್ಶೆಯ ಅಂಕಣದಲ್ಲಿ ಹುಡುಕಿದರೆ ಬರಿಗೈಯಲ್ಲಿ ಬರಬೇಕಾಗುತ್ತದೆ. ಶಕ್ತಿಮಾನ್ ಬಂದು ಕಾಪಾಡುತ್ತಾನೆಂದು ನಂಬಿ ಮಕ್ಕಳು ಅಪಾಯಕ್ಕೆ ಒಡ್ಡಿಕೊಂಡರೆಂಬ ಸುದ್ದಿಗಳು ದೇಶದ ಹಲವೆಡೆಯಿಂದ ಬಂದಿದ್ದವು. ತನ್ನ ಸಾಹಸಗಳನ್ನು ಅನುಕರಿಸಬೇಡಿ ಎಂದು ನಾಯಕನೇ ಮಕ್ಕಳಿಗೆ ತಿಳಿಹೇಳುವ ಭಾಗವೂ ಕಾರ್ಯಕ್ರಮದಲ್ಲಿತ್ತು. ಆದ್ದರಿಂದ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಾಗಲಿ ಪತ್ರಿಕಾ ಕಚೇರಿಗಳಲ್ಲಾಗಲಿ ಹಳೆಯ ಸಂಪುಟಗಳನ್ನು ತೆಗೆದಾಗ ಸುದ್ದಿಯ ಪುಟ, ಓದುಗರ ಪತ್ರ, ಭಾನುವಾರದ ಪುರವಣಿ ಈ ಮೂರನ್ನು ನೋಡಿರಿ. ಆ ಧಾರಾವಾಹಿಯ ನಿಜವಾದ ವಿಮರ್ಶಕರು ಪಾಲಕರು ಮತ್ತು ಶಿಕ್ಷಕರಾಗಿದ್ದರು.

ಭಾಷೆಯ ಪ್ರಶ್ನೆಯನ್ನು ಬಿಟ್ಟರೆ ಈ ಅಧ್ಯಯನ ಅರ್ಧವಾಗುತ್ತದೆ. ಕನ್ನಡಕ್ಕೆ ಡಬ್ಬಿಂಗ್ ಮಾಡುವುದಕ್ಕೆ ಚಿತ್ರೋದ್ಯಮ ದಶಕಗಳ ಕಾಲ ಅವಕಾಶ ಕೊಟ್ಟಿರಲಿಲ್ಲ. ಅದನ್ನು ತಡೆದ ಸಂಸ್ಥೆಗಳಿಗೆ ಭಾರತೀಯ ಸ್ಪರ್ಧಾ ಆಯೋಗ ದಂಡ ವಿಧಿಸಿದ್ದು 2015ರಲ್ಲಿ. ಅಲ್ಲಿಯವರೆಗೆ ಮದ್ದೂರಿನ ಮಗುವಿಗೆ ಶಕ್ತಿಮಾನ್ ಹಿಂದಿಯಲ್ಲೇ ಸಿಗುತ್ತಿದ್ದ. ಆ ಮಗು ಎಷ್ಟನ್ನು ಕಿವಿಯಿಂದ ತಿಳಿಯಿತು, ಎಷ್ಟನ್ನು ಕಣ್ಣಿನಿಂದ ಊಹಿಸಿತು, ಮನೆಯಲ್ಲಿ ಹಿಂದಿ ಬಲ್ಲವರು ಯಾರಿದ್ದರು ಎಂಬುದು ದೆಹಲಿಯ ಅಧ್ಯಯನದಲ್ಲಿ ಏಳದ ಪ್ರಶ್ನೆ.

ಮಾತನಾಡಿಸಬೇಕಾದವರು ಎರಡು ತಲೆಮಾರಿನವರು: ಅಂದು ಮಕ್ಕಳಾಗಿದ್ದು ಈಗ ಮೂವತ್ತರಿಂದ ನಲವತ್ತೈದರ ಆಸುಪಾಸಿನಲ್ಲಿರುವವರು, ಮತ್ತು ಅವರ ತಂದೆತಾಯಿ. ಮೈಸೂರಿನ ಬಡಾವಣೆಗಳವರನ್ನು ಮಾತ್ರ ಮಾತನಾಡಿಸಿ ನಿಲ್ಲಿಸದೆ, ಮಂಡ್ಯ ಜಿಲ್ಲೆಯ ಒಂದೆರಡು ಹಳ್ಳಿಗಳನ್ನಾದರೂ ಸೇರಿಸಿರಿ. ಕೇಬಲ್ ಇದ್ದ ಮನೆ ಮತ್ತು ಆಂಟೆನಾ ಮಾತ್ರ ಇದ್ದ ಮನೆಯ ಅನುಭವ ಒಂದೇ ಆಗಿರುವುದಿಲ್ಲ. 1994ರಲ್ಲೇ ಉದಯ ಟಿವಿ ಬಂದಿದ್ದರಿಂದ ಕೇಬಲ್ ಇದ್ದವರಿಗೆ ಭಾನುವಾರ ಕನ್ನಡದ ಆಯ್ಕೆಗಳಿದ್ದವು. ಆಯ್ಕೆ ಇದ್ದೂ ನೋಡಿದವರ ಮೆಚ್ಚುಗೆಗೂ ಬೇರೇನೂ ಬಾರದೆ ನೋಡಿದವರ ಮೆಚ್ಚುಗೆಗೂ ತೂಕ ಬೇರೆ.

‘ನಿಮಗೆ ಶಕ್ತಿಮಾನ್ ಇಷ್ಟವಿತ್ತೇ’ ಎಂದು ಆರಂಭಿಸಿದರೆ ಎಲ್ಲರೂ ಹೌದು ಎನ್ನುತ್ತಾರೆ, ಅಲ್ಲಿಗೆ ಸಂದರ್ಶನ ಮುಗಿಯುತ್ತದೆ. ಪ್ರಶ್ನೆ ಆ ಹೊತ್ತಿನ ಕೋಣೆಯೊಳಗೆ ಹೋಗಬೇಕು. ‘ಆಗ ಟಿವಿ ಯಾರ ಮನೇಲಿತ್ತಣ್ಣ?’, ‘ಭಾನುವಾರ ಹೊಲದ ಕೆಲಸ ಇದ್ದರೆ ಬಿಡ್ತಿದ್ರಾ?’, ‘ಹಿಂದಿ ಅರ್ಥ ಆಗದಿದ್ದಾಗ ಯಾರನ್ನ ಕೇಳ್ತಿದ್ರಿ?’, ‘ಮಧ್ಯದಲ್ಲಿ ಕರೆಂಟ್ ಹೋದ್ರೆ ಕಥೆ ಹೇಗೆ ತಿಳ್ಕೋತಿದ್ರಿ?’ ಎಂದು ಆಡುಮಾತಿನಲ್ಲೇ ಕೇಳಿರಿ. ತಾಯಂದಿರನ್ನು ‘ನಿಮ್ಮ ಮಗ ಶಕ್ತಿಮಾನ್ ಥರ ಗರಗರ ತಿರುಗೋದನ್ನ ನೋಡಿ ನೀವೇನಂತಿದ್ರಮ್ಮ?’ ಎಂದು ಕೇಳಿದರೆ, ಪತ್ರಿಕೆಗಳಲ್ಲಿ ಎಂದೂ ಅಚ್ಚಾಗದ ವಿಮರ್ಶೆ ಹೊರಬರುತ್ತದೆ. ಹೆಣ್ಣುಮಕ್ಕಳನ್ನು ಪ್ರತ್ಯೇಕವಾಗಿ ಮಾತನಾಡಿಸುವುದು ಅವಶ್ಯ, ಏಕೆಂದರೆ ಅಣ್ಣತಮ್ಮಂದಿರ ಎದುರಿಗೆ ಅವರ ನೆನಪುಗಳು ಅಣ್ಣತಮ್ಮಂದಿರ ನೆನಪುಗಳೊಳಗೆ ಮುಚ್ಚಿಹೋಗುತ್ತವೆ. ಅವರು ನೋಡಿದ್ದು ಶಕ್ತಿಮಾನ್‌ನನ್ನೋ, ವರದಿಗಾರ್ತಿ ಗೀತಾ ವಿಶ್ವಾಸಳನ್ನೋ ಎಂಬುದು ಕೇಳಬೇಕಾದ ಮಾತು.

ನೆನಪನ್ನು ಆಧರಿಸುವಾಗ ಒಂದು ಎಚ್ಚರ ಬೇಕು. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಹೊತ್ತಿಗೆ ದೂರದರ್ಶನ ಈ ಧಾರಾವಾಹಿಯನ್ನು ಮರುಪ್ರಸಾರ ಮಾಡಿತು. ಬಾಲ್ಯದ ನೆನಪೆಂದು ಹೇಳುವ ದೃಶ್ಯ ಆಗ ಮತ್ತೆ ನೋಡಿದ್ದಿರಬಹುದು, ಅಂದಿನ ಬೆರಗಿನ ಮೇಲೆ ಇಂದಿನ ನಗೆ ಕೂತಿರಬಹುದು. ಆದ್ದರಿಂದ ಪ್ರತಿಯೊಬ್ಬರನ್ನೂ 2020ರಲ್ಲಿ ಅಥವಾ ಮೊಬೈಲಿನಲ್ಲಿ ಮತ್ತೆ ನೋಡಿದಿರಾ ಎಂದು ಕೇಳಿ, ಉತ್ತರವನ್ನು ಸಂದರ್ಶನದ ತಲೆಬರಹದಲ್ಲೇ ನಮೂದಿಸಿರಿ. ಮತ್ತೆ ನೋಡಿದವರನ್ನು ಕೈಬಿಡುವ ಅಗತ್ಯವಿಲ್ಲ. ಗ್ರಾಫಿಕ್ಸ್ ಈಗ ನಗೆ ತರಿಸುತ್ತದೆ ಎಂದವರನ್ನು, ಹಾಗಾದರೆ ಅಂದು ಏಕೆ ತರಿಸಲಿಲ್ಲ ಎಂದು ಕೇಳಲು ಅದೊಂದು ಅವಕಾಶ.

ಇಂದಿನ ಸರಣಿಗಳ ಬಗ್ಗೆ ಕಾಲೇಜಿನವರನ್ನು ಕೇಳುವುದಾದರೆ, ಯಾವ ಭಾಷೆಯ ಧ್ವನಿಯಲ್ಲಿ ನೋಡಿದರು, ಸ್ವಂತ ಚಂದಾದಲ್ಲೋ ಗೆಳೆಯರ ಪಾಸ್‌ವರ್ಡ್‌ನಲ್ಲೋ, ಪೂರ್ತಿ ನೋಡಿದರೋ ರೀಲ್ಸ್‌ನಲ್ಲಿ ತುಣುಕು ನೋಡಿದರೋ ಎಂಬ ಮೂರು ಪ್ರಶ್ನೆಗಳು ಸಾಕು. ಸಭಾಂಗಣದಲ್ಲಿ ಕಂತು ಪ್ರದರ್ಶಿಸಿ ಪ್ರತಿಕ್ರಿಯೆ ಪಡೆಯುವ ಆಸೆ ಬೇಡ. ಒಟಿಟಿಯ ಚಂದಾ ಮನೆಯ ವೀಕ್ಷಣೆಗೆ ಮಾತ್ರ, ಸಾರ್ವಜನಿಕ ಪ್ರದರ್ಶನಕ್ಕೆ ಪ್ರತ್ಯೇಕ ಅನುಮತಿ ಬೇಕು.

ಬರೆದು ಮುಗಿಸುವಾಗ

ವಿಮರ್ಶಕರು, ವೀಕ್ಷಣೆಯ ಸಂಖ್ಯೆ, ಆನ್‌ಲೈನ್ ಅಂಕಗಳು, ಸಂದರ್ಶನಗಳು ಎಂದು ನಾಲ್ಕು ಭಾಗ ಮಾಡಿ ಒಂದರ ಕೆಳಗೊಂದು ಇಡುವುದಕ್ಕಿಂತ, ಕಾಲಕ್ರಮದಲ್ಲಿ ಬರೆದು ಪ್ರತಿ ಹಂತದಲ್ಲೂ ಯಾರ ದನಿ ಯಾರಿಗಿಂತ ಭಿನ್ನವಾಗಿತ್ತು ಎಂದು ತೋರಿಸುವುದು ಒಳ್ಳೆಯದು. ‘ಪ್ರೇಕ್ಷಕರು ತಿರಸ್ಕರಿಸಿದರು’ ಎಂದು ಬರೆಯುವ ಬದಲು ‘ಬಿಡುಗಡೆಯಾದ ಮೊದಲ ವಾರದಲ್ಲಿ ಓದಿದ ನೂರು ಅಭಿಪ್ರಾಯಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ವಾರಕ್ಕೊಂದು ಕಂತು ಕೊಡುವುದನ್ನು ಆಕ್ಷೇಪಿಸಿದವು’ ಎಂಬಂತೆ ಬರೆದರೆ ಓದುಗರು ನಿಮ್ಮ ಎಣಿಕೆಯನ್ನು ಪರೀಕ್ಷಿಸಬಹುದು. ಇಂಗ್ಲಿಷ್ ವಿಮರ್ಶೆಯ ಸಾಲುಗಳನ್ನು ಉದ್ಧರಿಸುವಾಗ ಇಡೀ ಪ್ಯಾರಾದ ಸಂದರ್ಭ ನೋಡಿ ಕನ್ನಡಿಸಿರಿ. ‘ಆದರೆ’ ಎಂಬುದಕ್ಕೆ ಮೊದಲಿನ ಅರ್ಧ ವಾಕ್ಯವನ್ನು ಮಾತ್ರ ಎತ್ತಿಕೊಳ್ಳುವುದು ಜಾಹೀರಾತಿನವರ ಕೆಲಸ.

ಸಂದರ್ಶನ ಕೊಟ್ಟವರ ಒಪ್ಪಿಗೆಯನ್ನು ಮೊದಲೇ ಪಡೆದು, ಹೆಸರಿನ ಬದಲು ಊರು, ವಯಸ್ಸು, ಮನೆಯಲ್ಲಿದ್ದ ಟಿವಿಯ ಬಗೆ ಇಷ್ಟನ್ನು ನಮೂದಿಸಿದರೆ ಸಾಕು. ತಾಣಗಳ ಅಂಕಿಗಳು ದಿನದಿನಕ್ಕೆ ಬದಲಾಗುವುದರಿಂದ, ನೋಡಿದ ದಿನಾಂಕವನ್ನೂ ಅಂದು ದಾಖಲಾಗಿದ್ದ ಮತಗಳ ಒಟ್ಟು ಸಂಖ್ಯೆಯನ್ನೂ ಅಂಕಿಯ ಪಕ್ಕದಲ್ಲೇ ಬರೆದು, ಆ ಪುಟದ ಸ್ಕ್ರೀನ್‌ಶಾಟ್ ಅನ್ನು ಅನುಬಂಧಕ್ಕೆ ಸೇರಿಸಿರಿ. ಒಂದು ಗಡುವು ದಿನಾಂಕವನ್ನು ಮಾರ್ಗದರ್ಶಕರೊಂದಿಗೆ ಮಾತನಾಡಿ ಮೊದಲೇ ಗೊತ್ತುಮಾಡಿಕೊಂಡು ಪೀಠಿಕೆಯಲ್ಲಿ ಘೋಷಿಸಿದರೆ, ಅದರ ನಂತರ ಬಂದ ಹೊಸ ಸೀಸನ್‌ಗೋ ಮರುಪ್ರಸಾರಕ್ಕೋ ನೀವು ಉತ್ತರಿಸಬೇಕಾಗಿ ಬರುವುದಿಲ್ಲ.